ಕಸುವು, ದಮ್ಮು ಮತ್ತು ಲಂಡನ್ ಬಸ್ಸಿನ ಮೆಟ್ಟಿಲು

ಲಂಡನ್ನಿನ ಯಾವ ಬಡಾವಣೆಯ ಜಿಮ್ಮಿಗೆ ಹೋದರೂ ಒಳಗಿನ ನಕ್ಷೆ ಹೆಚ್ಚುಕಡಿಮೆ ಒಂದೇ. ಕಿಟಕಿಯ ಪಕ್ಕ ಟ್ರೆಡ್‌ಮಿಲ್ಲು, ಸೈಕಲ್ಲುಗಳ ಸಾಲು. ಒಳಗಿನ ಗೋಡೆಗೆ ದೊಡ್ಡ ಕನ್ನಡಿ, ಅದರ ಮುಂದೆ ಕಬ್ಬಿಣದ ರಾಶಿ. ಈ ಕಡೆಯವರು ಬೆವರು ಒರೆಸಿಕೊಳ್ಳುತ್ತ ಓಡುತ್ತಾರೆ, ಆ ಕಡೆಯವರು ಉಸಿರು ಬಿಗಿಹಿಡಿದು ಎತ್ತುತ್ತಾರೆ. ನಡುವೆ ಗೋಡೆಯೇನೂ ಇಲ್ಲ, ಆದರೂ ಆಚೀಚೆ ದಾಟುವವರು ಕಡಿಮೆ. ಜಿಮ್ಮಿನ ಭಾಷೆಯಲ್ಲಿ ಒಂದಕ್ಕೆ ಕಾರ್ಡಿಯೋ ಎಂದೂ ಇನ್ನೊಂದಕ್ಕೆ ಸ್ಟ್ರೆಂತ್ ಎಂದೂ ಹೆಸರು. ಕನ್ನಡದಲ್ಲಿ ಇವಕ್ಕೆ ಇನ್ನೂ ಚೆಂದದ ಮಾತುಗಳಿವೆ: ದಮ್ಮು ಮತ್ತು ಕಸುವು.

ನಾವು ಪಶ್ಚಿಮ ಲಂಡನ್ನಿನ ನಾಲ್ಕಾರು ಕನ್ನಡ ಮನೆಗಳವರು. ವಯಸ್ಸು ನಲವತ್ತರ ಆಸುಪಾಸು, ಅನ್ನ ಕೊಡುವುದು ಸಾಫ್ಟ್‌ವೇರು. ಒಬ್ಬೊಬ್ಬರಿಗೇ ಪರ್ಸನಲ್ ಟ್ರೈನರ್ ಎಂದರೆ ಈ ಊರಿನಲ್ಲಿ ಜೇಬಿಗೆ ಭಾರ. ಆದ್ದರಿಂದ ಕೂಡಿ ಒಬ್ಬರನ್ನು ಗೊತ್ತುಮಾಡಿಕೊಂಡಿದ್ದೇವೆ. ಟ್ರೈನರ್ ಮುಂದೆ ನಾವು ಇಟ್ಟ ಮೊದಲ ಪ್ರಶ್ನೆ, ಬಹುಶಃ ಎಲ್ಲರೂ ಇಡುವ ಪ್ರಶ್ನೆಯೇ: ವಾರಕ್ಕೆ ಸಿಗುವ ಮೂರು ಗಂಟೆಯಲ್ಲಿ ಓಡುವುದಕ್ಕೆ ಎಷ್ಟು, ಎತ್ತುವುದಕ್ಕೆ ಎಷ್ಟು? ಎರಡೂ ಬೇಕು ಎಂಬ ಉತ್ತರ ಕೂಡಲೇ ಬಂತು. ಅದು ಸರಿಯಾದ ಉತ್ತರವೇ. ಆದರೆ ಎರಡೂ ಬೇಕು ಎನ್ನುವುದಾದರೆ ಇವು ಎರಡಾದದ್ದು ಯಾವಾಗ, ಯಾಕೆ ಎಂಬ ಕುತೂಹಲ ನಮ್ಮನ್ನು ಬಿಡಲಿಲ್ಲ. ಹುಡುಕುತ್ತ ಹೋದಂತೆ ಆ ಕಥೆಯ ಮುಖ್ಯ ಅಧ್ಯಾಯಗಳಲ್ಲಿ ಹಲವು ಇದೇ ಲಂಡನ್ನಿನಲ್ಲಿ ನಡೆದಿವೆ ಎಂದು ತಿಳಿಯಿತು. ನಡುವೆ ಬೆಂಗಳೂರಿನ ಒಂದು ಅಧ್ಯಾಯವೂ ಇದೆ, ಅದರ ನಾಯಕ ಒಬ್ಬ ಕನ್ನಡ ಕಾದಂಬರಿಕಾರ! ಸಾಹಿತ್ಯದ ಓದುಗರ ಮುಂದೆ ವ್ಯಾಯಾಮದ ವಿಷಯ ಹಿಡಿದು ಬರಲು ನಮಗೆ ಧೈರ್ಯ ಕೊಟ್ಟದ್ದೂ ಅವರೇ.

ಗರಡಿಯ ಒಂದೇ ಮಟ್ಟಿ

ಗರಡಿ ಮನೆಯಿಂದಲೇ ಆರಂಭಿಸೋಣ. ಮೈಸೂರಿನ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಬಗ್ಗಿ ಒಳಹೋಗಬೇಕಾದ ಪುಟ್ಟ ಬಾಗಿಲು, ಒಳಗೆ ಹದಮಾಡಿದ ಕೆಂಪು ಮಣ್ಣಿನ ಮಟ್ಟಿ, ಗೋಡೆಗೆ ಒರಗಿಸಿದ ಗದೆ, ಮುದ್ಗರಗಳು, ಒಂದು ಮೂಲೆಯಲ್ಲಿ ಹನುಮಂತ. ಮೊದಲು ಗುದ್ದಲಿ ಹಿಡಿದು ಮಣ್ಣು ಅಗೆಯಬೇಕು. ಅದೇ ಒಂದು ಸಾಮು. ಆಮೇಲೆ ದಂಡ, ಬಸ್ಕಿ, ಮುದ್ಗರ ತಿರುವುವುದು, ಕೊನೆಗೆ ಜೋಡಿ ಕಟ್ಟಿಕೊಂಡು ಕುಸ್ತಿ. ಇದರಲ್ಲಿ ಕಸುವಿನ ಪಾಠ ಯಾವುದು, ದಮ್ಮಿನ ಪಾಠ ಯಾವುದು ಎಂದು ಬೇರೆ ಮಾಡುವುದು ಕಷ್ಟ. ಬಸ್ಕಿಯನ್ನು ಹತ್ತು ಹೊಡೆದರೆ ತೊಡೆಗೆ, ಇನ್ನೂರು ಹೊಡೆದರೆ ಎದೆಗೆ. ಯಾರಿಗೆ ಎಷ್ಟು, ಯಾವ ಕ್ರಮದಲ್ಲಿ ಎಂದು ನಿರ್ಧರಿಸುವವರು ಉಸ್ತಾದರು. ಹುಡುಗನ ಮೈಕಟ್ಟು, ಅವನು ಉಣ್ಣುವ ಊಟ, ಅವನ ಏದುಸಿರು ನೋಡಿಯೇ ಅವರ ಲೆಕ್ಕ. ಪರ್ಸನಲ್ ಟ್ರೈನರ್ ಎಂಬ ಹೆಸರು ಹೊಸದು, ಕೆಲಸ ಹಳೆಯದು.

ಈ ಮುದ್ಗರಗಳು ನಮಗಿಂತ ಬಹಳ ಮೊದಲೇ ಲಂಡನ್ನಿಗೆ ವಲಸೆ ಬಂದವು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರು ಅವನ್ನು ನೋಡಿ ಮೆಚ್ಚಿದರು, ಹಗುರಗೊಳಿಸಿ ತಮ್ಮ ಕವಾಯತಿನಲ್ಲಿ ಸೇರಿಸಿಕೊಂಡರು. ಡೊನಾಲ್ಡ್ ವಾಕರ್ ಎಂಬಾತ 1834ರಲ್ಲಿ ಪ್ರಕಟಿಸಿದ ವ್ಯಾಯಾಮದ ಪುಸ್ತಕದಲ್ಲಿ ಇಂಡಿಯನ್ ಕ್ಲಬ್ ಎಂಬ ಹೆಸರಿನಲ್ಲಿ ಇವಕ್ಕೆ ಜಾಗ ಸಿಕ್ಕಿತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಲ್ಲಿನ ಗಂಡಸರೂ ಹೆಂಗಸರೂ ಸಂಗೀತಕ್ಕೆ ತಕ್ಕ ಹಾಗೆ ಈ ಮರದ ಕ್ಲಬ್ಬುಗಳನ್ನು ತಿರುಗಿಸಿದರು. ಮಣ್ಣು, ಕುಸ್ತಿ, ಉಸ್ತಾದ್ ಮಾತ್ರ ಜೊತೆಗೆ ಬರಲಿಲ್ಲ.

ಮಾಂಸಖಂಡದ ಅಂಗಡಿ

ಕಸುವನ್ನು ದಮ್ಮಿನಿಂದ ಬೇರ್ಪಡಿಸಿ ಅದಕ್ಕೇ ಒಂದು ಅಂಗಡಿ ತೆರೆದವರಲ್ಲಿ ಮೊದಲ ಹೆಸರು ಯೂಜೆನ್ ಸ್ಯಾಂಡೋ. ಈತ 1867ರಲ್ಲಿ ಪ್ರಷ್ಯದ ಕೋನಿಗ್ಸ್‌ಬರ್ಗ್‌ನಲ್ಲಿ ಹುಟ್ಟಿದವನು. 1889ರಲ್ಲಿ ಲಂಡನ್ನಿಗೆ ಬಂದು, ವೆಸ್ಟ್‌ಮಿನ್‌ಸ್ಟರ್‌ನ ರಾಯಲ್ ಅಕ್ವೇರಿಯಮ್ ರಂಗಮಂದಿರದಲ್ಲಿ ಸ್ಯಾಮ್ಸನ್ ಎಂಬ ಹೆಸರಾಂತ ಬಲಶಾಲಿಯನ್ನು ಸೋಲಿಸಿ ರಾತ್ರೋರಾತ್ರಿ ಪ್ರಸಿದ್ಧನಾದ. ಭಾರ ಎತ್ತುವವರು ಅವನಿಗಿಂತ ಮೊದಲೂ ಇದ್ದರು. ಸ್ಯಾಂಡೋ ಮಾಡಿದ ಹೊಸ ಕೆಲಸವೆಂದರೆ ಎತ್ತುವುದಕ್ಕಿಂತ ಎತ್ತುವ ಮೈಯನ್ನು ತೋರಿಸಿದ್ದು. 1897ರಲ್ಲಿ ಸೇಂಟ್ ಜೇಮ್ಸ್ ಬೀದಿಯಲ್ಲಿ ಅವನ ವ್ಯಾಯಾಮ ಸಂಸ್ಥೆ ತೆರೆಯಿತು. ಬಂದವರ ಎದೆ, ತೋಳು, ತೊಡೆಗಳ ಅಳತೆ ತೆಗೆದು, ಅವರವರಿಗೆ ತಕ್ಕ ಪಾಠ ಬರೆದುಕೊಡುತ್ತಿದ್ದರು. ದೂರದಲ್ಲಿದ್ದವರಿಗೆ ಅಂಚೆಯ ಮೂಲಕ ಪಾಠ, ಜೊತೆಗೆ ಕೊಳ್ಳಲು ಸ್ಪ್ರಿಂಗಿನ ಡಂಬೆಲ್. ಇಂದಿನ ಟ್ರೈನರ್ ವೃತ್ತಿಯ ಒಂದು ಬೇರು ಈ ಬೀದಿಯಲ್ಲಿದೆ.

1901ರ ಸೆಪ್ಟೆಂಬರ್ 14ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಸ್ಯಾಂಡೋ ದೊಡ್ಡದೊಂದು ದೇಹದಾರ್ಢ್ಯ ಸ್ಪರ್ಧೆ ನಡೆಸಿದ. ತೀರ್ಪುಗಾರರಾಗಿ ಅವನ ಜೊತೆ ಕೂತವರು ಶಿಲ್ಪಿ ಚಾರ್ಲ್ಸ್ ಲಾಸ್ ಮತ್ತು, ನಂಬಿದರೆ ನಂಬಿ, ಷೆರ್ಲಾಕ್ ಹೋಮ್ಸನ ಕರ್ತೃ ಆರ್ಥರ್ ಕಾನನ್ ಡಾಯ್ಲ್. ಒಬ್ಬ ಶಿಲ್ಪಿ, ಒಬ್ಬ ಕಾದಂಬರಿಕಾರ! ಅಲ್ಲಿ ತೂಗಿದ್ದು ಕಣ್ಣಿಗೆ ಕಾಣುವ ರೂಪವನ್ನು. ಎದೆಯೊಳಗಿನ ಗುಂಡಿಗೆ ಎಷ್ಟು ಚೆನ್ನಾಗಿ ಬಡಿಯುತ್ತಿದೆ ಎಂದು ಕೇಳುವ ಸಾಧನವೂ ಅಲ್ಲಿರಲಿಲ್ಲ, ಕೇಳುವ ಮನಸ್ಸೂ ಇರಲಿಲ್ಲ.

ಒಂಬತ್ತು ವರ್ಷಗಳ ನಂತರ ಇದೇ ಲಂಡನ್ನಿಗೆ ಗರಡಿಯ ಅಸಲಿ ಮಾಲು ಬಂದಿಳಿಯಿತು. 1910ರಲ್ಲಿ ಗಾಮಾ ಪೈಲ್ವಾನ ಇಲ್ಲಿಗೆ ಬಂದಾಗ ಅವನ ಎತ್ತರ ನೋಡಿ ಇಲ್ಲಿನ ಕುಸ್ತಿಯ ದೊಡ್ಡ ಮನುಷ್ಯರು ಮೂಗು ಮುರಿದರು. ಆಗಸ್ಟಿನಲ್ಲಿ ಅಮೆರಿಕದ ಡಾಕ್ಟರ್ ಬೆಂಜಮಿನ್ ರೋಲರ್ ಅವನ ಕೈಯಲ್ಲಿ ಚಿತ್ ಆದ ಮೇಲೆ ಮೂಗುಗಳು ನೆಟ್ಟಗಾದವು. ಸೆಪ್ಟೆಂಬರ್ 10ರಂದು ಷೆಫರ್ಡ್ಸ್ ಬುಷ್‌ನ ಕ್ರೀಡಾಂಗಣದಲ್ಲಿ ಪೋಲೆಂಡಿನ ಜಿಬಿಸ್ಕೋ ಜೊತೆ ಕುಸ್ತಿ. ಗಾಮಾನಿಗಿಂತ ಬಹಳ ತೂಕದ ಆ ಮನುಷ್ಯ ನೆಲಕ್ಕೆ ಅಂಟಿಕೊಂಡು ಎರಡೂವರೆ ಗಂಟೆಗೂ ಹೆಚ್ಚು ಕಾಲ ಹಾಗೇ ಉಳಿದ, ಪಂದ್ಯ ಸಮವಾಯಿತು. ಮತ್ತೆ 17ನೇ ತಾರೀಖು ಕುಸ್ತಿ ಎಂದು ಗೊತ್ತಾಯಿತು, ಅಂದು ಜಿಬಿಸ್ಕೋ ಬರಲೇ ಇಲ್ಲ. ಜಾನ್ ಬುಲ್ ಪಟ್ಟಿ ಗಾಮಾನ ಸೊಂಟಕ್ಕೆ ಬಂತು. ಎರಡೂವರೆ ಗಂಟೆ ಕಾಲ ಎದುರಾಳಿಯ ಮೇಲೆ ಕಸುವು ಸುರಿಯುತ್ತಲೇ ಇರುವುದು ಬರಿಯ ತೋಳಿನ ಕೆಲಸವಲ್ಲ ಎಂಬುದು ನೋಡಿದವರಿಗೆಲ್ಲ ತಿಳಿದಿರಬೇಕು. ಆದರೆ ಜನ ಹಣ ಕೊಟ್ಟು ಕೊಂಡದ್ದು ಸ್ಯಾಂಡೋನ ಡಂಬೆಲ್ಲನ್ನೇ.

ಬೆಂಗಳೂರಿನ ಅಯ್ಯರ್

ಸ್ಯಾಂಡೋ 1904-05ರಲ್ಲಿ ಭಾರತದಲ್ಲೂ ಪ್ರದರ್ಶನ ಕೊಟ್ಟಿದ್ದ. ಅವನ ಹೆಸರು ಅಲ್ಲಿ ಎಷ್ಟು ನೆಲೆಸಿತೆಂದರೆ ನಮ್ಮ ಅಜ್ಜಂದಿರ ಕಾಲದಲ್ಲಿ ಮೈಕಟ್ಟಿನ ಹುಡುಗನನ್ನು 'ಏನೋ ಸ್ಯಾಂಡೋ' ಎಂದೇ ಕರೆಯುತ್ತಿದ್ದರು; ತೋಳಿಲ್ಲದ ಬನಿಯನ್ನಿಗೆ ಇಂದಿಗೂ ಅದೇ ಹೆಸರು. ಈ ಹೊಸ ವಿದ್ಯೆಯನ್ನು ಕಲಿತು, ಹಳೆಯದನ್ನು ಬಿಡದೆ ಎರಡನ್ನೂ ಒಂದೇ ಕೊಠಡಿಗೆ ತಂದವರು ನಮ್ಮ ಕೆ.ವಿ. ಅಯ್ಯರ್.

ಹೌದು, 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಅಯ್ಯರ್ ಅವರೇ. ಕೋಲಾರ ವೆಂಕಟೇಶ ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ಅದಕ್ಕೆ ದೊರೆಯಿತು. ಅಯ್ಯರ್ ಬಾರ್ಬೆಲ್, ಡಂಬೆಲ್ ಬಳಸಿದರು. ಸ್ಯಾಂಡೋನ ಹಾಗೆಯೇ ಅಂಚೆಯ ಮೂಲಕ ದೇಶವಿದೇಶಗಳ ಶಿಷ್ಯರಿಗೆ ಪಾಠ ಕಳಿಸಿದರು. ಗ್ರೀಕ್ ಶಿಲ್ಪದಂಥ ಅವರ ಭಂಗಿಯ ಚಿತ್ರಗಳು ವಿದೇಶದ ದೇಹದಾರ್ಢ್ಯ ಪತ್ರಿಕೆಗಳಲ್ಲೂ ಅಚ್ಚಾದವು. ಇಷ್ಟಕ್ಕೇ ನಿಂತಿದ್ದರೆ ಅವರು ಬೆಂಗಳೂರಿನ ಸ್ಯಾಂಡೋ ಆಗಿರುತ್ತಿದ್ದರು. ಅವರು ಮಾಡಿದ್ದು ಅದಕ್ಕಿಂತ ಹೆಚ್ಚಿನದು. ಭಾರ ಎತ್ತುವುದರ ಜೊತೆ ಸೂರ್ಯನಮಸ್ಕಾರ, ಆಸನಗಳನ್ನು ಸೇರಿಸಿ ಒಂದು ಪದ್ಧತಿಯನ್ನೇ ಕಟ್ಟಿದರು. 1937ರಲ್ಲಿ ಸೂರ್ಯನಮಸ್ಕಾರದ ಮೇಲೆಯೇ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದರು. ಸ್ನಾಯು ದೊಡ್ಡದಾದರೆ ಸಾಲದು, ಒಳಗಿನ ಅಂಗಾಂಗಗಳೂ ನೆಟ್ಟಗಿರಬೇಕು ಎಂಬುದು ಅವರ ಪಾಠದ ತಿರುಳು.

ಅಂದ ಹಾಗೆ, ಅಯ್ಯರ್ ಅವರ ಆತ್ಮೀಯ ಗೆಳೆಯ ಟಿ.ಪಿ. ಕೈಲಾಸಂ ಭೂವಿಜ್ಞಾನ ಓದಿದ ರಾಯಲ್ ಕಾಲೇಜ್ ಆಫ್ ಸೈನ್ಸ್ ಇದ್ದದ್ದು ಸೌತ್ ಕೆನ್ಸಿಂಗ್ಟನ್ನಿನಲ್ಲಿ, ಸ್ಯಾಂಡೋನ ಸ್ಪರ್ಧೆ ನಡೆದ ಆಲ್ಬರ್ಟ್ ಹಾಲಿಗೆ ಕೂಗಳತೆಯಲ್ಲಿ. ಕನ್ನಡ ನಾಟಕವೂ ಕನ್ನಡ ಕಾದಂಬರಿಯೂ ಬಾರ್ಬೆಲ್ಲಿನ ಪಕ್ಕದಲ್ಲಿ ಕೂತು ಹರಟಿದ ಕಾಲ ಅದು!

ಕಂಡಕ್ಟರನ ಎದೆ

ಈಗ ದಮ್ಮಿನ ಕಡೆಗೆ ಬರೋಣ. ಓಡುವ ಮನುಷ್ಯ ಎಷ್ಟು ಆಮ್ಲಜನಕ ಬಳಸುತ್ತಾನೆ, ಅದಕ್ಕೊಂದು ಮೇಲಿನ ಮಿತಿ ಇದೆಯೇ ಎಂದು 1920ರ ದಶಕದಲ್ಲಿ ಅಳೆದವರು ಆರ್ಚಿಬಾಲ್ಡ್ ಹಿಲ್. ಸ್ನಾಯುಗಳ ಮೇಲಿನ ಕೆಲಸಕ್ಕೆ 1922ನೇ ಸಾಲಿನ ನೊಬೆಲ್ ಪಡೆದ ಇವರು 1923ರಿಂದ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರಾಧ್ಯಾಪಕರು, ಸ್ವತಃ ಓಟಗಾರರು. ದಮ್ಮಿಗೆ ಅಳತೆ ಸಿಕ್ಕಿತು. ಆದರೆ ದಮ್ಮು ಆಯುಷ್ಯದ ಪ್ರಶ್ನೆ ಎಂದು ತೋರಿಸಿದವರು ಇನ್ನೊಬ್ಬ ವೈದ್ಯರು, ಜೆರ್ರಿ ಮಾರಿಸ್. ಯುದ್ಧಕಾಲದಲ್ಲಿ ಸೇನೆಯ ವೈದ್ಯರಾಗಿ ಭಾರತದಲ್ಲೂ ಇದ್ದವರು.

ಎರಡನೇ ಮಹಾಯುದ್ಧ ಮುಗಿದ ಹೊತ್ತಿಗೆ ಬ್ರಿಟನ್ನಿನಲ್ಲಿ ಹೃದಯಾಘಾತ ಏರುತ್ತಿತ್ತು, ಕಾರಣ ಯಾರಿಗೂ ಸ್ಪಷ್ಟವಿರಲಿಲ್ಲ. ಮನುಷ್ಯ ಮಾಡುವ ಕೆಲಸಕ್ಕೂ ಇದಕ್ಕೂ ಸಂಬಂಧವಿದೆಯೇ ಎಂದು ನೋಡಲು ಮಾರಿಸ್ ಆರಿಸಿಕೊಂಡ ಪ್ರಯೋಗಶಾಲೆ ಲಂಡನ್ನಿನ ಕೆಂಪು ಡಬಲ್ ಡೆಕ್ಕರ್. ಯೋಚಿಸಿ ನೋಡಿ, ಎಷ್ಟು ಸರಳ! ಒಂದೇ ಬಸ್ಸು, ಒಂದೇ ಸಂಸ್ಥೆ, ಹೆಚ್ಚುಕಡಿಮೆ ಒಂದೇ ವರ್ಗದ ಇಬ್ಬರು ಗಂಡಸರು. ಒಬ್ಬ ಡ್ರೈವರ್, ಪಾಳಿಯ ಬಹುಭಾಗ ಕೂತಲ್ಲೇ. ಇನ್ನೊಬ್ಬ ಕಂಡಕ್ಟರ್, ಟಿಕೆಟ್ ಕೊಡುತ್ತ ಇಡೀ ದಿನ ಮೇಲೆ ಕೆಳಗೆ. ಬೆಂಗಳೂರಿನ ಬಿಟಿಎಸ್ ಡಬಲ್ ಡೆಕ್ಕರಿನಲ್ಲಿ ಓಡಾಡಿದವರಿಗೆ ಆ ಕಂಡಕ್ಟರನ ಪಾಡು ಕಣ್ಣಿಗೆ ಕಟ್ಟೀತು. ಮಾರಿಸ್ ತಂಡದವರು ಬಸ್ಸಿನಲ್ಲೇ ಕೂತು ಎಣಿಸಿದರು: ಕಂಡಕ್ಟರ್ ಒಂದು ದಿನಕ್ಕೆ ಹತ್ತುವ ಮೆಟ್ಟಿಲು 500ರಿಂದ 750.

35ರಿಂದ 64 ವರ್ಷದ ಸುಮಾರು 31 ಸಾವಿರ ಸಾರಿಗೆ ನೌಕರರ ಲೆಕ್ಕ ತೆಗೆದು 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಕಂಡಕ್ಟರುಗಳಿಗೆ ಹೃದ್ರೋಗ ಬರುವುದು ಕಡಿಮೆ, ಬಂದರೂ ತಡವಾಗಿ, ಬಂದಾಗಲೂ ಡ್ರೈವರುಗಳಿಗಿಂತ ಕಡಿಮೆ ಮಾರಕ. ಅಂಚೆ ಇಲಾಖೆಯಲ್ಲಿ ನಡೆದು ಕಾಗದ ಹಂಚುವವರನ್ನೂ ಕುರ್ಚಿಯ ಗುಮಾಸ್ತರನ್ನೂ ಹೋಲಿಸಿದಾಗಲೂ ಅದೇ ಚಿತ್ರ.

ದಿನಕ್ಕೆ 600 ಮೆಟ್ಟಿಲು, ವರ್ಷಕ್ಕೆ 250 ದಿನದ ಕೆಲಸ ಎಂದು ಹಿಡಿಯಿರಿ. ಒಂದೂವರೆ ಲಕ್ಷ ಮೆಟ್ಟಿಲಾಯಿತು. ವರ್ಷಕ್ಕೆ ನೂರೈವತ್ತು ಸಲ ಚಾಮುಂಡಿ ಬೆಟ್ಟ ಹತ್ತಿದ ಪುಣ್ಯ, ಅದೂ ಸಂಬಳ ಪಡೆದು!

ಒಳ್ಳೆಯ ಎಂಜಿನಿಯರ್ ಕೇಳುವ ಪ್ರಶ್ನೆಯನ್ನು ಮಾರಿಸ್ ತಾವೇ ಕೇಳಿಕೊಂಡರು: ಮೊದಲಿನಿಂದಲೂ ದಪ್ಪಗಿದ್ದವರೇ ಡ್ರೈವರ್ ಕೆಲಸಕ್ಕೆ ಸೇರುತ್ತಿದ್ದರೇನೋ? ಇದಕ್ಕೆ ಸಾಕ್ಷಿ ಸಿಕ್ಕಿದ್ದು ಸಮವಸ್ತ್ರದ ಗೋದಾಮಿನಲ್ಲಿ. ನೌಕರರಿಗೆ ಹೊಲಿಸಿಕೊಟ್ಟ ಪ್ಯಾಂಟುಗಳ ಸೊಂಟದ ಅಳತೆಯ ದಾಖಲೆ ತೆಗೆಸಿ ನೋಡಿದರು, 1956ರಲ್ಲಿ ಪ್ರಕಟಿಸಿದರು. ಡ್ರೈವರುಗಳ ಸೊಂಟ ಆರಂಭದಿಂದಲೇ ದೊಡ್ಡದಿದ್ದದ್ದು ನಿಜ. ಆದರೆ ಸಪೂರ, ಮಧ್ಯಮ, ದಪ್ಪ ಎಂದು ವಿಂಗಡಿಸಿದರೂ ಪ್ರತಿ ಗುಂಪಿನಲ್ಲೂ ಕಂಡಕ್ಟರನ ಎದೆಯೇ ಹೆಚ್ಚು ಸುರಕ್ಷಿತವಾಗಿತ್ತು. ಆ ಅಂಕಿಗಳನ್ನು ಕಲೆಹಾಕಿದ ಕಾಲಕ್ಕೆ ಇನ್ನೂ ರೂಟ್‌ಮಾಸ್ಟರ್ ಬಸ್ಸು ರಸ್ತೆಗೆ ಇಳಿದಿರಲಿಲ್ಲ. ಅದು ಬಂದು, ಮೆರೆದು, 2005ರ ಡಿಸೆಂಬರ್ 9ರಂದು 159ನೇ ನಂಬರಿನ ಮಾರ್ಗದಲ್ಲಿ ನಿಯಮಿತ ಸೇವೆಯಿಂದ ನಿವೃತ್ತಿಯಾದಾಗ, ಕಂಡಕ್ಟರನ ಮೆಟ್ಟಿಲೂ ಅದರ ಜೊತೆಗೇ ಹೋಯಿತು.

ನಮ್ಮಂಥವರಿಗೆ ಇನ್ನೂ ಹತ್ತಿರದ್ದು ಮಾರಿಸ್ ಅವರ ಮುಂದಿನ ಅಧ್ಯಯನ. ಕೆಲಸವೇ ಕುರ್ಚಿಯದ್ದಾದರೆ ಏನು ಗತಿ? ಸುಮಾರು 17 ಸಾವಿರ ಸರಕಾರಿ ಅಧಿಕಾರಿಗಳನ್ನು ಆರಿಸಿ, ಹಿಂದಿನ ಶುಕ್ರವಾರ ಮತ್ತು ಶನಿವಾರ ಏನೇನು ಮಾಡಿದಿರಿ ಎಂದು ಸೋಮವಾರ ಬೆಳಿಗ್ಗೆ ಬರೆಸಿಕೊಂಡರು. 1973ರಲ್ಲಿ ಬಂದ ಉತ್ತರ: ಬಿಡುವಿನಲ್ಲಿ ಈಜು, ಬಿರುಸಾದ ಆಟ, ಭಾರದ ತೋಟಗೆಲಸದಂಥ ಶ್ರಮ ಮಾಡಿದವರಿಗೆ ಹೃದ್ರೋಗದ ಅಪಾಯ ಮಿಕ್ಕವರ ಮೂರನೆಯ ಒಂದರಷ್ಟು. ಅಂದರೆ ವೃತ್ತಿ ಡ್ರೈವರನದ್ದಾದರೂ ಬಿಡುವಿನಲ್ಲಿ ಕಂಡಕ್ಟರನಾಗಬಹುದು! ಮಾರಿಸ್ ಕೊನೆಯವರೆಗೂ ಈಜಿದರು, ನಡೆದರು. 2009ರಲ್ಲಿ ತೀರಿಕೊಂಡಾಗ ಅವರಿಗೆ 99.

ಎರಡು ದಾರಿ

ಇಲ್ಲಿಂದ ಮುಂದೆ ದಾರಿ ಕವಲಾಯಿತು. ವೈದ್ಯರೂ ಸರಕಾರಗಳೂ ದಮ್ಮಿನ ಹಿಂದೆ ಹೋದರು. ಅಮೆರಿಕದ ಕೆನೆತ್ ಕೂಪರ್ 1968ರಲ್ಲಿ ಬರೆದ ಪುಸ್ತಕದಿಂದ ಏರೋಬಿಕ್ಸ್ ಎಂಬ ಮಾತು ಮನೆಮಾತಾಯಿತು. 1981ರ ಮಾರ್ಚ್ 29ರಂದು ಮೊದಲ ಲಂಡನ್ ಮ್ಯಾರಥಾನ್ ನಡೆಯಿತು. ಕಸುವು ದೇಹದಾರ್ಢ್ಯ ಪಟುಗಳ ಪಾಲಿಗೆ ಉಳಿಯಿತು. ಅವರ ಮಿಸ್ಟರ್ ಯೂನಿವರ್ಸ್ ಜಾತ್ರೆಯೂ ಲಂಡನ್ನಿನಲ್ಲೇ ನಡೆಯುತ್ತಿತ್ತು. 1951ರಲ್ಲಿ ಮನತೋಷ್ ರಾಯ್, 1952ರಲ್ಲಿ ಐದಡಿಯೂ ಇಲ್ಲದ ಮನೋಹರ್ ಐಚ್ ಇಲ್ಲಿ ಬಂದು ತಮ್ಮ ವಿಭಾಗಗಳಲ್ಲಿ ಗೆದ್ದರು. ಐಚ್ ನೂರು ವರ್ಷ ದಾಟಿ ಬದುಕಿ 2016ರಲ್ಲಿ ತೀರಿಕೊಂಡರು. ಆದರೂ ಸಾಮಾನ್ಯ ಗೃಹಸ್ಥನಿಗೆ ಕಬ್ಬಿಣ ಬೇಕಿಲ್ಲ, ಓಡಿದರೆ ಸಾಕು ಎಂಬ ಭಾವನೆ ಗಟ್ಟಿಯಾಯಿತು.

ಆ ಭಾವನೆ ನಮ್ಮವರ ಮಟ್ಟಿಗೆ ಅರ್ಧ ಸತ್ಯ ಮಾತ್ರ. ಇದು ತಿಳಿದದ್ದೂ ಇದೇ ಪಶ್ಚಿಮ ಲಂಡನ್ನಿನಲ್ಲಿ. 1980ರ ದಶಕದ ಕೊನೆಯಲ್ಲಿ ಸೌತಾಲ್ ಮತ್ತು ಸುತ್ತಮುತ್ತಲಿನ ಜನರನ್ನು ಪಾಲ್ ಮೆಕ್‌ಕೀಗ್, ಮೈಕಲ್ ಮಾರ್ಮಟ್ ಮತ್ತು ಸಂಗಡಿಗರು ಪರೀಕ್ಷಿಸಿದರು. 1991ರಲ್ಲಿ ಪ್ರಕಟವಾದ ಅಂಕಿ ನೋಡಿ: ದಕ್ಷಿಣ ಏಷ್ಯದವರಲ್ಲಿ ಸಕ್ಕರೆ ಕಾಯಿಲೆ ನೂರಕ್ಕೆ 19, ಯೂರೋಪಿಯನ್ನರಲ್ಲಿ ನೂರಕ್ಕೆ 4. ನಮ್ಮವರಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಸೇರುತ್ತದೆ, ಇನ್ಸುಲಿನ್ ಸರಿಯಾಗಿ ನಾಟುವುದಿಲ್ಲ, ಅದರ ಹಿಂದೆಯೇ ಹೃದ್ರೋಗ ಬರುತ್ತದೆ. ಇದು ನಮಗೆ ಬರಿಯ ಅಂಕಿಯಲ್ಲ. ನಮ್ಮ ಬಳಗದಲ್ಲೇ ಸ್ಟೆಂಟ್ ಹಾಕಿಸಿಕೊಂಡವರನ್ನು ಎಣಿಸಲು ಒಂದು ಕೈಯ ಬೆರಳು ಸಾಲದು, ಅವರಲ್ಲಿ ದಪ್ಪಗಿದ್ದವರು ಒಬ್ಬಿಬ್ಬರೇ.

ದಪ್ಪಗಿಲ್ಲದವರಿಗೂ ಯಾಕೆ? 2004ರಲ್ಲಿ ಅದೇ 'ಲ್ಯಾನ್ಸೆಟ್'ನಲ್ಲಿ ಒಂದು ಪುಟ್ಟ ಬರಹ, ಇಬ್ಬರು ವೈದ್ಯರ ಚಿತ್ರ ಸಮೇತ ಬಂತು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಒಂದೇ: 22.3. ಆದರೆ ಮೈಯಲ್ಲಿರುವ ಕೊಬ್ಬು ಯುಡ್ಕಿನ್ ಅವರದ್ದು ನೂರಕ್ಕೆ 9.1, ಯಾಜ್ಞಿಕ್ ಅವರದ್ದು 21.2! ತಕ್ಕಡಿಗೆ ಇಬ್ಬರೂ ಒಂದೇ, ಒಳಗಿನ ಸರಕು ಬೇರೆ. ನಮ್ಮಂಥವರ ಮೈಯಲ್ಲಿ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ. ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲಿ ದಕ್ಷಿಣ ಏಷ್ಯದವರಿಗೆ ಬಿಎಂಐ ಎಚ್ಚರಿಕೆಯ ಗೆರೆಯನ್ನು 25ರ ಬದಲು 23ಕ್ಕೆ ಇಳಿಸಿದ್ದು ಸುಮ್ಮನೆ ಅಲ್ಲ. ಉಂಡ ಅನ್ನದ ಸಕ್ಕರೆ ಹೋಗಿ ಸೇರುವ ದೊಡ್ಡ ಉಗ್ರಾಣವೇ ಸ್ನಾಯು. ಉಗ್ರಾಣ ಚಿಕ್ಕದಾದರೆ ಸಕ್ಕರೆ ರಕ್ತದಲ್ಲೇ ಅಲೆಯುತ್ತದೆ. ವಯಸ್ಸಾದಂತೆ ಆ ಉಗ್ರಾಣ ತಾನಾಗಿಯೇ ಕುಗ್ಗುತ್ತ ಹೋಗುತ್ತದೆ; ಅದನ್ನು ಉಳಿಸಿಕೊಳ್ಳುವ ಮುಖ್ಯ ದಾರಿ ಭಾರದ ವಿರುದ್ಧ ದುಡಿಯುವುದು. ಹೀಗೆ ಸ್ಯಾಂಡೋನ ಕಬ್ಬಿಣ ಅಲಂಕಾರದ ಅಂಗಡಿಯಿಂದ ಔಷಧಿಯ ಅಂಗಡಿಗೆ ಬಂತು.

ಎರಡರ ಜಗಳ

ಹಾಗಾದರೆ ಎರಡನ್ನೂ ಮಾಡಿದರಾಯಿತಲ್ಲ? ಇಲ್ಲೊಂದು ತೊಡಕಿದೆ ಎಂದು ತೋರಿಸಿದವರು ಅಮೆರಿಕದ ರಾಬರ್ಟ್ ಹಿಕ್ಸನ್. 1980ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮೂರು ಗುಂಪು, ಹತ್ತು ವಾರ. ಒಂದು ಗುಂಪು ವಾರಕ್ಕೆ ಐದು ದಿನ ಭಾರ ಎತ್ತಿತು. ಎರಡನೆಯದು ಆರು ದಿನ ಓಟ, ಸೈಕಲ್. ಮೂರನೆಯದು ಎರಡನ್ನೂ ಪೂರ್ತಿಯಾಗಿ ಮಾಡಿತು. ಮೂರನೆಯ ಗುಂಪಿನ ದಮ್ಮು ಎರಡನೆಯದರಷ್ಟೇ ಬೆಳೆಯಿತು. ಕಸುವು ಮಾತ್ರ ಏಳೆಂಟು ವಾರ ಏರಿ, ನಿಂತು, ಕೊನೆಯ ವಾರಗಳಲ್ಲಿ ಇಳಿಯತೊಡಗಿತು. ಒಂದೇ ಯಂತ್ರದ ಮೇಲೆ ಎರಡು ಭಾರೀ ಪ್ರೋಗ್ರಾಮುಗಳನ್ನು ಒಟ್ಟಿಗೆ ಓಡಿಸಿದ ಹಾಗೆ.

ಜಿಮ್ಮಿನ ಕಬ್ಬಿಣದ ಕಡೆಯವರು ಇದನ್ನು ಹಿಡಿದುಕೊಂಡು, ಓಡಿದರೆ ಮಾಂಸ ಕರಗುತ್ತದೆ ಎಂದು ಡಂಗುರ ಹೊಡೆದರು. ಆದರೆ ಹಿಕ್ಸನ್ ಪ್ರಯೋಗದ ಪ್ರಮಾಣ ನೋಡಿ: ವಾರಕ್ಕೆ ಹನ್ನೊಂದು ಪಾಠ. ಸಂಸಾರಸ್ಥರಾದ ನಮ್ಮಲ್ಲಿ ಯಾರಿಗೆ ಅಷ್ಟು ಬಿಡುವು? ಆಮೇಲಿನ ಸಂಶೋಧನೆಗಳು ವಿಷಯವನ್ನು ತಿಳಿಗೊಳಿಸಿವೆ. ಹಲವು ಅಧ್ಯಯನಗಳನ್ನು ಕೂಡಿಸಿದ 2012ರ ವಿಶ್ಲೇಷಣೆ, ಈ ತೊಂದರೆ ಸೈಕಲ್ಲಿಗಿಂತ ಓಟದಲ್ಲಿ ಹೆಚ್ಚು, ಓಟದ ದಿನಗಳೂ ಹೊತ್ತೂ ಹೆಚ್ಚಿದಂತೆ ಹೆಚ್ಚು ಎಂದಿತು. 2022ರ ಇನ್ನೊಂದು ವಿಶ್ಲೇಷಣೆಯ ಪ್ರಕಾರ ಎರಡನ್ನೂ ಮಾಡುವುದರಿಂದ ಸ್ನಾಯುವಿನ ಗಾತ್ರಕ್ಕೂ ಗರಿಷ್ಠ ಕಸುವಿಗೂ ಧಕ್ಕೆಯಿಲ್ಲ. ಜಿಗಿತದಂಥ ಚಟಾಪಟ್ ಶಕ್ತಿಗೆ ಮಾತ್ರ ಸ್ವಲ್ಪ ಪೆಟ್ಟು, ಅದೂ ಮುಖ್ಯವಾಗಿ ಎರಡನ್ನೂ ಒಂದೇ ಹೊತ್ತಿನಲ್ಲಿ ಮಾಡಿದಾಗ. ಒಲಿಂಪಿಕ್ಸಿಗೆ ಹೊರಟವರು ಅದರ ಬಗ್ಗೆ ಚಿಂತಿಸಲಿ.

ಬ್ರಿಟನ್ನಿನ ಮುಖ್ಯ ವೈದ್ಯಾಧಿಕಾರಿಗಳ 2019ರ ಸಲಹೆಯಲ್ಲಿ ಎರಡೂ ಜೊತೆಯಾಗಿವೆ: ವಾರಕ್ಕೆ 150 ನಿಮಿಷ ಮಧ್ಯಮ ಶ್ರಮ ಅಥವಾ 75 ನಿಮಿಷ ಬಿರುಸಿನ ಶ್ರಮ, ಅದರ ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಕೆಲಸ.

ಉಸ್ತಾದರ ಕೆಲಸ

ಇನ್ನು ಟ್ರೈನರ್ ಬೇಕೇ ಎಂಬ ಪ್ರಶ್ನೆ. ನಡೆಯಲು, ಮೆಟ್ಟಿಲು ಹತ್ತಲು ಯಾರ ಪಾಠವೂ ಬೇಡ. ಭಾರ ಎತ್ತುವುದಕ್ಕೆ ಮಾತ್ರ ನೋಡುವ ಕಣ್ಣು ಬೇಕು. ಬೆನ್ನು ಬಾಗಿದೆಯೇ, ಮಂಡಿ ಒಳಗೆ ವಾಲುತ್ತಿದೆಯೇ, ಈ ವಾರ ಎರಡು ಕಿಲೋ ಹೆಚ್ಚಿಸಬಹುದೇ ಎಂಬುದನ್ನು ಹೊರಗಿನಿಂದಲೇ ನೋಡಬೇಕು. ಹಾಗಾಗಿ ನಮ್ಮ ಹಂಚಿಕೆ ಸರಳ: ಹಣ ಕೊಡುವ ಗಂಟೆಗಳೆಲ್ಲ ಕಸುವಿಗೆ, ದಮ್ಮು ನಮ್ಮ ಸ್ವಂತ ಜವಾಬ್ದಾರಿ. ಮಂಗಳವಾರ, ಶುಕ್ರವಾರ ಟ್ರೈನರ್ ಜೊತೆ ಇಡೀ ಮೈಗೆ ಕೆಲಸ: ಕೂತೇಳುವುದು, ನೆಲದಿಂದ ಎತ್ತುವುದು, ತಳ್ಳುವುದು, ಎಳೆಯುವುದು. ಶನಿವಾರ ಗ್ರ್ಯಾಂಡ್ ಯೂನಿಯನ್ ಕಾಲುವೆಯ ದಂಡೆಯ ಮೇಲೆ ಬಿರುಸು ನಡಿಗೆ ಅಥವಾ ಸೈಕಲ್ಲು. ಉಳಿದ ದಿನ ನಿಲ್ದಾಣಕ್ಕೆ ನಡೆದೇ ಹೋಗುವುದು. ಕಾಲಿಗೆ ಭಾರದ ಕೆಲಸ ಕೊಟ್ಟ ಮರುದಿನ ಓಟವಿಲ್ಲ. ಒಂದೇ ದಿನ ಎರಡೂ ಮಾಡಬೇಕಾಗಿ ಬಂದರೆ ಯಾವುದನ್ನು ಬೆಳೆಸಬೇಕೋ ಅದು ಮೊದಲು. ನಡಿಗೆಯ ಬಿರುಸಿಗೆ ಒಂದು ಹಳೆಯ ಪರೀಕ್ಷೆಯಿದೆ: ಮಾತಾಡಲು ಆಗಬೇಕು, ಹಾಡಲು ಆಗಬಾರದು. ನಮ್ಮಲ್ಲಿ ಕೆಲವರು ಕೂತಾಗಲೂ ಹಾಡಲಾರರು, ಅವರಿಗೆ ವಿನಾಯಿತಿ ಇದೆ!

ಇಬ್ಬರಿಗೆ ಒಂದೇ ಪಟ್ಟಿ ಹೊಂದುವುದಿಲ್ಲ ಎಂಬುದನ್ನೂ ಟ್ರೈನರ್ ಸರಿಯಾಗಿ ಹಿಡಿದರು. ನಮ್ಮಲ್ಲಿ ಒಬ್ಬರು ಹಳೆಯ ಓಟಗಾರರು, ಅವರಿಗೆ ಓಟ ಕಡಿಮೆ ಮಾಡಿ ಕಬ್ಬಿಣ ಹೆಚ್ಚಿಸಿದ್ದಾರೆ. ಇನ್ನೊಬ್ಬರ ತೋಳು ದಪ್ಪ, ಎರಡು ಮಹಡಿ ಹತ್ತಿದರೆ ಏದುಸಿರು. ಅವರಿಗೆ ಇದರ ತಿರುವುಮುರುವು. ಗರಡಿಯ ಉಸ್ತಾದರು ಮಾಡುತ್ತಿದ್ದದ್ದೂ ಇದನ್ನೇ.

ಇಲ್ಲಿ ಪರ್ಸನಲ್ ಟ್ರೈನರುಗಳಿಗೆ ಲೆವೆಲ್ 3 ಅರ್ಹತೆ ಇರುವುದು ವಾಡಿಕೆ. ವೈದ್ಯರು ಕಳಿಸಿದ ರೋಗಿಗಳಿಗೆ ಕಲಿಸಲು ಎಕ್ಸರ್‌ಸೈಸ್ ರೆಫರಲ್ ಎಂಬ ಬೇರೆ ಅರ್ಹತೆ ಇದೆ. ಸಕ್ಕರೆ, ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಇದನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಅದಕ್ಕೂ ಮೊದಲು, ಇಂಗ್ಲೆಂಡಿನಲ್ಲಿ 40ರಿಂದ 74 ವಯಸ್ಸಿನವರಲ್ಲಿ ಇಂಥ ಕಾಯಿಲೆ ಈಗಾಗಲೇ ಇಲ್ಲದವರಿಗೆ ಐದು ವರ್ಷಕ್ಕೊಮ್ಮೆ ಸಿಗುವ ಎನ್‌ಎಚ್‌ಎಸ್ ಹೆಲ್ತ್ ಚೆಕ್ ಮಾಡಿಸಿಕೊಳ್ಳಿ. ಖರ್ಚಿಲ್ಲ. ಅಪ್ಪನಿಗೋ ಚಿಕ್ಕಪ್ಪನಿಗೋ ಐವತ್ತರ ಒಳಗೆ ಹೃದಯಾಘಾತವಾಗಿದ್ದರೆ ಜಿಪಿ ಕೇಳದಿದ್ದರೂ ನೀವೇ ಹೇಳಿ. ಮನೆಯ ಹೆಂಗಸರನ್ನು ನಡಿಗೆಗೆ ಮಾತ್ರ ಕಳಿಸಿ, ಕಬ್ಬಿಣ ಗಂಡಸರಿಗೆ ಎನ್ನುವ ರೂಢಿ ನಮ್ಮ ಬಳಗಗಳಲ್ಲಿ ಇನ್ನೂ ಇದೆ. ಮೂಳೆ ಸವೆಯುವುದು ಮುಖ್ಯವಾಗಿ ಹೆಂಗಸರಲ್ಲಿ. ಭಾರ ಎತ್ತುವ ಅಗತ್ಯ ಅವರಿಗೆ ಒಂದು ಕೈ ಹೆಚ್ಚೇ.

ಟ್ರೈನರೂ ಬೇಡ, ಜಿಮ್ಮೂ ಬೇಡ, ದಮ್ಮು ಮಾತ್ರ ಇಂದೇ ಆರಂಭವಾಗಲಿ ಎನ್ನುವ ಗಟ್ಟಿ ಗುಂಡಿಗೆಯವರಿಗೆ ಲಂಡನ್ನಿನಲ್ಲೊಂದು ಜಾಗವಿದೆ. ಮಾರಿಸ್ ಬಹಳ ವರ್ಷ ದುಡಿದ ಲಂಡನ್ ಸ್ಕೂಲ್ ಆಫ್ ಹೈಜೀನ್‌ಗೆ ನಡೆದು ಹೋಗುವಷ್ಟು ದೂರದಲ್ಲಿ ರಸೆಲ್ ಸ್ಕ್ವೇರ್ ಟ್ಯೂಬ್ ನಿಲ್ದಾಣ. ಅಲ್ಲಿ ಲಿಫ್ಟಿನ ಬದಲು ಸುತ್ತು ಮೆಟ್ಟಿಲು ಹಿಡಿದರೆ 175. ಕೆಳಗೆ ಎಚ್ಚರಿಕೆಯ ಫಲಕವೂ ಇದೆ. ನಾಲ್ಕು ಸಲ ಹತ್ತಿದರೆ 700, ಮಾರಿಸ್ ಕಾಲದ ಒಬ್ಬ ಕಂಡಕ್ಟರನ ಒಂದು ದಿನದ ದುಡಿಮೆ. ಮೊದಲ ದಿನ ಒಂದು ಸಲ ಸಾಕು.